ಹೊಸ ಏಸಿಯ ಪೂಜೆ

ಸ್ನೇಹಿತರೇ, ಇವತ್ತು ವಸಂತನರಸಾಪುರದ ನಮ್ಮ ಫ್ಯಾಕ್ಟರಿಯಲ್ಲಿ, ನೀರು ಹರಿಸಿ ತಂಪು ಮಾಡುವ ದೊಡ್ಡ ಏಸಿಗೆ ಪೂಜೆ ಮುಗಿಸಿ ಓನರ್ ಬಟನ್ ಒತ್ತಿದರು. ಏಸಿ ಓಡಲಿಲ್ಲ, ಸೈರನ್ ಕೂಗಿತು. ಅದರ ಸ್ಕ್ರೀನಿನಲ್ಲಿ ಕೆಂಪು ಅಕ್ಷರ: ನೀರು ಬರುತ್ತಿಲ್ಲ.

"ಏನ್ಲಾ ಮಂಜ, ಮೂರ್ ದಿನ ಅದೇನ್ ವೈರಿಂಗ್ ಮಾಡ್ದೆ? ಬಂದೋರ್ ಮುಂದೆ ಮಾನ ಕಳ್ದಲ್ಲ! ನಾಳೆಯಿಂದ ಬರ್ಬೇಡ" ಎಂದು ಓನರ್ ರೇಗಿದರು.

"ಬೆಳಿಗ್ಗೆ ಓಡ್ತಲ್ಲಾ ಸಾರ್, ನೀವೇ ನೋಡಿದ್ರಿ" ಎನ್ನುತ್ತ ಎಲೆಕ್ಟ್ರಿಷಿಯನ್ ಮಂಜಣ್ಣ ಪ್ಯಾನೆಲ್ ಬಿಚ್ಚತೊಡಗಿದ.

ನಾನು ಆಫೀಸಿನಲ್ಲಿ ಕಾಗದಪತ್ರ ನೋಡುವವಳು, ಓನರ್ ಮುಂದೆ ಎಂದೂ ಬಾಯಿ ಬಿಟ್ಟವಳಲ್ಲ. ಆದರೆ ಕಣ್ಣಾರೆ ಕಂಡಿದ್ದೆ. ಪೂಜೆಯ ಹೊತ್ತಿನಲ್ಲಿ ಓನರ್ ಭಕ್ತಿಯಿಂದ ಮೂರು ಬೆರಳಲ್ಲಿ ವಿಭೂತಿ ಎಳೆದದ್ದು ಟಚ್ ಸ್ಕ್ರೀನಿನ ಮೇಲೆ. ನೀರು ಹರಿಸುವ ಪಂಪಿನ ಹಸಿರು ಗುರುತು ಆಗಲೇ ಆರಿಹೋಗಿತ್ತು.

"ಸಾರ್, ನಿಮ್ಮ ಬೆರಳು ತಾಗಿ ಪಂಪ್ ಆಫ್ ಆಗಿದೆ" ಎಂದೆ.

ಮಂಜಣ್ಣ ಸ್ಕ್ರೀನ್ ಮುಟ್ಟಿದ. ನೀರು ಹರಿಯಿತು, ಏಸಿ ಓಡಿತು.

"ಆಗ್ಲೇ ಹೇಳೋಕೇನಾಗಿತ್ತಮ್ಮ ನಿಂಗೆ?" ಎಂದರು ಓನರ್.

"ನೀವು ಕಣ್ಮುಚ್ಚಿ ಕೈ ಮುಗೀತಿದ್ರಿ ಸಾರ್."

ಮಂಜಣ್ಣನ ಕೆಲಸ ಉಳಿಯಿತು. ನನ್ನದು ನಾಳೆ ಗೊತ್ತಾಗುತ್ತದೆ.