ಪ್ರೆಸ್ಸಿನ ಹಸಿರು ದೀಪ

ಬೆಳಿಗ್ಗೆ ಮನೆ ಬಿಡುವ ಮುಂಚೆ ಫ್ಲಾಸ್ಕಿಗೆ ಕಾಫಿ ತುಂಬಿಕೊಳ್ಳುವುದು ನನ್ನ ಬಹಳ ವರ್ಷದ ರೂಢಿ. ಆಫೀಸಿನ ಯಂತ್ರದಿಂದ ಇಳಿಯುವ ಕಾಫಿ ನನ್ನ ನಾಲಿಗೆಗೆ ಒಗ್ಗುವುದಿಲ್ಲ. ನಮ್ಮ ಮನೆ ಇರುವುದು ಪಟ್ಟಂದೂರು ಅಗ್ರಹಾರದಲ್ಲಿ, ಮೊದಲನೇ ಮಹಡಿ. ಕೆಳಗಿರುವ ಮಾಲೀಕರು ಸುತ್ತ ಇಷ್ಟೆಲ್ಲ ಗಾಜಿನ ಕಟ್ಟಡಗಳು ಎದ್ದರೂ ಎರಡು ಹಸು ಕಟ್ಟಿಕೊಂಡಿದ್ದಾರೆ. ಅವರ ಹಾಲು, ನನ್ನ ಡಿಕಾಕ್ಷನ್ನು. ಆ ದಿನವೂ ತುಂಬಿಕೊಂಡೆ. ಆಯುಧಪೂಜೆಯ ಹಿಂದಿನ ದಿನ ಅದು. ಸಕ್ಕರೆ ಹಾಕಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿಯುವಾಗ ಅನುಮಾನ ಬಂತು. ಮತ್ತೆ ಹತ್ತುವುದು ಯಾರು ಎಂದು ಹಾಗೇ ಹೋದೆ.

ನನ್ನ ಕೆಲಸ ಏನೆಂದು ಕೇಳಿದವರಿಗೆ ಹೇಳುವುದು ಸ್ವಲ್ಪ ಕಷ್ಟ. ಕಾರ್ಖಾನೆಯ ಯಂತ್ರಗಳ ಜೊತೆ ಬರುವ ಇಂಗ್ಲಿಷ್ ಸೂಚನೆಗಳನ್ನು ಕನ್ನಡಕ್ಕೆ ತಿರುಗಿಸುವ ಒಂದು ಕಂಪ್ಯೂಟರ್ ವ್ಯವಸ್ಥೆ ನಮ್ಮದು. ಈಗ ಬಂದಿರುವ ಹೊಸ ತರಹದ್ದಲ್ಲ. ಈ ಪದ ಬಂದರೆ ಹೀಗೆ, ಆ ಪದದ ಮುಂದೆ ಇದು ಬಂದರೆ ಹಾಗೆ ಎಂದು ಒಂದೊಂದೇ ನಿಯಮ ಕೂತು ಬರೆದದ್ದು. ಇಂಟರ್ನೆಟ್ ಇಲ್ಲದ ಸಣ್ಣ ಶೆಡ್ಡಿನ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ, ನಿನ್ನೆ ಕೊಟ್ಟ ಉತ್ತರವನ್ನೇ ಇವತ್ತೂ ಕೊಡುತ್ತದೆ ಎಂದು ಗಿರಾಕಿಗಳು ಇದನ್ನೇ ಕೇಳುತ್ತಾರೆ. ನಾವಿರುವುದು ಮೂರೇ ಜನ: ಮೇಲಿನ ಸಾರ್, ನಿಯಮಗಳನ್ನು ಕಂಪ್ಯೂಟರಿಗೆ ಕಲಿಸುವ ಇಂಜಿನಿಯರ್ ಹುಡುಗಿ, ಕನ್ನಡ ನೋಡುವ ನಾನು.

ನಿಯಮಗಳಲ್ಲಿ ನಮ್ಮನ್ನು ಗೋಳುಹೊಯ್ದುಕೊಂಡದ್ದು ಇಂಗ್ಲಿಷಿನ ಜೋಡಿಪದಗಳು. ‘ಟರ್ನ್’ ಅಂದರೆ ತಿರುಗಿಸು. ಅದರ ಜೊತೆ ‘ಆಫ್’ ಸೇರಿದರೆ ಆರಿಸು, ನಿಲ್ಲಿಸು. ಆದರೆ ಈ ಜೋಡಿ ಅಕ್ಕಪಕ್ಕ ಕೂರುವುದಿಲ್ಲ. ಬಸ್ಸಿನಲ್ಲಿ ಹೆಂಡತಿ ಮುಂದಿನ ಬಾಗಿಲಲ್ಲಿ, ಗಂಡ ಹಿಂದಿನ ಬಾಗಿಲಲ್ಲಿ ಹತ್ತುತ್ತಾರಲ್ಲ, ಹಾಗೆ. ಹೆಂಗಸರಿಗೆ ಟಿಕೆಟ್ಟಿನ ದುಡ್ಡು ಇದ್ದ ಕಾಲದಲ್ಲಿ ‘ಹಿಂದೆ ತಗೋತಾರೆ’ ಎಂದು ನಾವು ಕೈ ತೋರಿಸಿದರೆ ಕಂಡಕ್ಟರು ಅರ್ಥಮಾಡಿಕೊಳ್ಳುತ್ತಿದ್ದ. ನಡುವೆ ನಾಲ್ಕು ಜನ ಇದ್ದರೆ ಸರಿ. ಬಸ್ಸು ತುಂಬಿದ್ದರೆ ಯಾರು ಯಾರ ಜೊತೆಯೋ ಅವನಿಗಾದರೂ ಹೇಗೆ ತಿಳಿಯಬೇಕು? ನಮ್ಮ ಕಂಪ್ಯೂಟರಿಗೂ ಒಂದು ಮಿತಿ ಇತ್ತು: ‘ಟರ್ನ್’ ಕಂಡರೆ ಮುಂದಿನ ಕೆಲವೇ ಪದಗಳವರೆಗೆ ‘ಆಫ್’ ಹುಡುಕು, ಸಿಕ್ಕರೆ ಎರಡನ್ನೂ ಒಂದು ಮಾಡು, ಸಿಗದಿದ್ದರೆ ಬಿಡು. ಇನ್ನೂ ದೂರ ಹುಡುಕಲು ಬಿಟ್ಟರೆ ಬೇರೆ ಯಾರದೋ ‘ಆಫ್’ ಹಿಡಿದುಕೊಂಡು ಬರುತ್ತಿತ್ತು. ಜೋಡಿಯಿಲ್ಲದೆ ಉಳಿದ ಸಣ್ಣ ಪದವನ್ನು ಬಿಟ್ಟುಬಿಡು ಎಂದು ಇನ್ನೊಂದು ನಿಯಮ. ಎರಡೂ ನಾನು ಸೇರುವ ಮುಂಚಿನಿಂದ ಇದ್ದವು, ನಾವೆಲ್ಲ ಅವನ್ನು ನಂಬಿಕೊಂಡಿದ್ದೆವು.

ಆಫೀಸಿನಲ್ಲಿ ಆ ಬೆಳಿಗ್ಗೆ ಯಾರಿಗೂ ಕೆಲಸದ ಮನಸ್ಸಿರಲಿಲ್ಲ. ಇಂಜಿನಿಯರ್ ಹುಡುಗಿ ಕಂಪ್ಯೂಟರುಗಳ ಧೂಳು ಒರೆಸುತ್ತಿದ್ದಳು. ನಾನು ಚೆಂಡುಹೂವಿನ ಸರ ಅಳೆದು ಕತ್ತರಿಸುತ್ತಿದ್ದೆ. ಆಗ ಫೋನಿನಲ್ಲಿ ತಂಗಿಯ ಸಂದೇಶ ನೋಡಿದೆ. ಬಂದು ಆಗಲೇ ಬಹಳ ಹೊತ್ತಾಗಿತ್ತು.

ತಂಗಿ ಇರುವುದು ಟಿ. ದಾಸರಹಳ್ಳಿಯಲ್ಲಿ. ಪ್ರೆಸ್ ಯಂತ್ರದಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಅವಳ ಸೂಪರ್‌ವೈಸರು ಕೆಲಸಗಾರರ ಗುಂಪಿಗೆ ಒಂದು ಹಾಳೆಯ ಫೋಟೋ ಹಾಕಿದ್ದರು, ಅದನ್ನು ನನಗೆ ಕಳಿಸಿದ್ದಳು. ಜೊತೆಗೆ ತನ್ನ ಮಾತನ್ನೂ ರೆಕಾರ್ಡ್ ಮಾಡಿ ಕಳಿಸಿದ್ದಳು:

“ಅಕ್ಕಾ, ನಿಮ್ಮ ಕಂಪ್ಯೂಟರ್ ಬರ್ದಿರೋ ಕನ್ನಡ ನಮ್ಮ ಪ್ರೆಸ್ಸಿಗೇ ಬಂದು ಅಂಟ್ಕೊಂಡಿದೆ ಕಣೇ! ಇವತ್ತು ಪೂಜೆ ಕ್ಲೀನಿಂಗು. ಹುಡುಗ್ರೆಲ್ಲ ಶೆಡ್ಡಿಗೆ ಬಣ್ಣ ಹೊಡೀತಾರಂತೆ, ಪ್ರೆಸ್ ಒರೆಸೋದು ನಾವು ಪ್ಯಾಕಿಂಗ್‌ನೋರು. ಓದ್ಕೊಂಡು ಹಂಗೇ ಮಾಡ್ರಮ್ಮಾ ಅಂದಿದಾರೆ. ಏನಾದ್ರೂ ಎಡವಟ್ಟಾದ್ರೆ ನಿನ್ನೇ ಹಿಡ್ಕೊಳ್ಳೋದು, ಹ್ಞಾಂ!”

ನಗುತ್ತಲೇ ಫೋಟೋ ದೊಡ್ಡದು ಮಾಡಿದೆ. ‘ಪ್ರೆಸ್ಸಿನ ಎಡಬದಿಯ ಪ್ಯಾನೆಲ್ಲಿನಲ್ಲಿರುವ ಸ್ವಿಚ್ಚನ್ನು ತಿರುಗಿಸಿ. ನಂತರ ಒಳಭಾಗವನ್ನು ಬಟ್ಟೆಯಿಂದ ಒರೆಸಿ.’

ಅಚ್ಚುಕಟ್ಟಾದ ಕನ್ನಡ. ಒಂದು ವಿಭಕ್ತಿ ತಪ್ಪಿಲ್ಲ. ನಮ್ಮದೇ ಎಂದು ಹೆಮ್ಮೆಪಡುವ ಹಾಗಿತ್ತು. ಆದರೆ ತಿರುಗಿಸಿ ಎಂದರೆ ಎಲ್ಲಿಗೆ? ಇಂಗ್ಲಿಷ್ ಮೂಲ ತೆಗೆಸಿ ನೋಡಿದೆ. ‘ಟರ್ನ್’ ಬಂದಿತ್ತು. ಆಮೇಲೆ ಸ್ವಿಚ್ಚು, ಎಡಬದಿ, ಪ್ಯಾನೆಲ್ಲು ಎಂದು ಮಾರುದ್ದ ಬಂದಿತ್ತು. ವಾಕ್ಯದ ಕಟ್ಟಕಡೆಯಲ್ಲಿ, ನಮ್ಮ ಮಿತಿಯಿಂದ ಎಷ್ಟೋ ಆಚೆ, ‘ಆಫ್’ ಒಂಟಿಯಾಗಿ ಕೂತಿತ್ತು. ಕಂಪ್ಯೂಟರು ಅದನ್ನು ಹೇಳದೆ ಕೇಳದೆ ಬಿಟ್ಟುಬಿಟ್ಟಿತ್ತು.

ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟೆ.

ಕನ್ನಡ ಕೆಟ್ಟದಾಗಿದ್ದಿದ್ದರೆ ಯಾರಾದರೂ ನಗುತ್ತಿದ್ದರು, ಇದೇನು ಸಾರ್ ಎಂದು ಕೇಳುತ್ತಿದ್ದರು. ಇದನ್ನು ಯಾರು ಕೇಳುತ್ತಾರೆ? ದಿನಾ ಆ ಪ್ರೆಸ್ಸಿನ ಮೇಲೆ ಕೆಲಸ ಮಾಡುವವರಿಗೆ ಹಾಳೆ ಬೇಕಾಗಿಲ್ಲ. ವರ್ಷದಲ್ಲಿ ಒಂದೇ ಒಂದು ದಿನ, ಪೂಜೆಯ ಹಿಂದಿನ ದಿನ, ಯಂತ್ರ ಗೊತ್ತಿಲ್ಲದವರ ಕೈಗೆ ಯಂತ್ರ ಸಿಗುತ್ತದೆ. ಓದುವವರು ಅವರು. ಆ ದಿನ ಯಂತ್ರ ಮೊದಲೇ ನಿಂತಿರುತ್ತದೆ. ನಿಂತಿರುವ ಯಂತ್ರದ ಸ್ವಿಚ್ಚು ತಿರುಗಿಸಿದರೆ ಏನಾಗುತ್ತದೆ?

ತಂಗಿಗೆ ಫೋನ್ ಮಾಡಿದೆ, ರಿಂಗಾಗುತ್ತಲೇ ಇತ್ತು. ಅವರ ಕಾರ್ಖಾನೆಯಲ್ಲಿ ಫೋನನ್ನು ಗೇಟಿನ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋಗಬೇಕು. ಅಲ್ಲಿನ ಆಫೀಸಿನ ನಂಬರಿಗೂ ಯಾರೂ ಸಿಗಲಿಲ್ಲ.

“ಅಕ್ಕಾ, ನೀವು ಹೊರಡಿ,” ಎಂದಳು ಇಂಜಿನಿಯರ್ ಹುಡುಗಿ. “ಹಾಳೆ ಎಲ್ಲೆಲ್ಲಿಗೆ ಹೋಗಿದೆಯೋ ನಾನೂ ಸಾರೂ ಫೋನ್ ಮಾಡ್ತೀವಿ. ನಿಮ್ಮ ತಂಗಿ ಹತ್ರ ನೀವು ಹೋಗಿ.”

ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ರೋಗೆ ನಡೆದೆನೋ ಓಡಿದೆನೋ ನೆನಪಿಲ್ಲ. ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಕು, ನಡುವೆ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕು. ಸೀಟು ಸಿಕ್ಕರೂ ಕೂರಲಾಗಲಿಲ್ಲ. ಎದುರಿಗೆ ಒಬ್ಬಾಕೆ ಬಾಳೆಕಂದು, ಬೂದುಗುಂಬಳಕಾಯಿ ಇಟ್ಟುಕೊಂಡು ಕೂತಿದ್ದರು. “ಕಾಯಿ ಏನ್ ರೇಟಾಗ್ಬಿಟ್ಟಿದೆ ನೋಡಿ ಮೇಡಂ,” ಎಂದರು. ಹೂಂ ಎಂದೆ. ನನ್ನ ಕಣ್ಣಿಗೆ ಅಪ್ಪನ ಬಲಗೈ ಕಾಣುತ್ತಿತ್ತು.

ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಅವರ ತೋರುಬೆರಳು ಅರ್ಧವೇ ಇತ್ತು. ಹೇಗೆ ಹೋಯಿತೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಆ ಅರ್ಧ ಬೆರಳಲ್ಲೇ ಸಾರನ್ನ ಕಲಸಿ ನಮ್ಮಿಬ್ಬರಿಗೂ ತುತ್ತು ಕೊಡುತ್ತಿದ್ದರು. ಆಯುಧಪೂಜೆಯ ದಿನ ನಮ್ಮನ್ನು ಕಾರ್ಖಾನೆಗೆ ಕರೆದುಕೊಂಡು ಹೋಗುವಾಗ ಗೇಟಿನಲ್ಲೇ, “ಕೈ ಕಟ್ಕೊಳಿ. ಬಿಚ್ಚಿದ್ರೆ ಮನೇಗೆ,” ಎನ್ನುತ್ತಿದ್ದರು. ನಾನು ಕಟ್ಟಿಕೊಳ್ಳುತ್ತಿದ್ದೆ. ತಂಗಿ ಒಂದು ಕ್ಷಣ ಕಟ್ಟಿಕೊಂಡು ಆಮೇಲೆ ಎಲ್ಲವನ್ನೂ ಮುಟ್ಟುತ್ತಿದ್ದಳು.

ಆ ಪ್ರೆಸ್ಸಿನ ಕೈಪಿಡಿಯ ಉಳಿದ ಭಾಗ ನನಗೆ ಗೊತ್ತಿತ್ತು. ಗಾಳಿಯ ಒತ್ತಡದಿಂದ ನಡೆಯುವ ಪ್ರೆಸ್ಸು. ಸ್ವಿಚ್ಚು ಹಾಕಿದರೂ ಸದ್ದು ಬರುವುದಿಲ್ಲ. ಕೆಳಗಿನ ಪೆಡಲ್ ತುಳಿದರೆ ಸಾಕು, ಮೇಲಿನ ಭಾಗ ಒಂದೇ ಏಟಿಗೆ ಇಳಿಯುತ್ತದೆ. ಇಷ್ಟನ್ನೂ ನಾನೇ ಓದಿ, ಸರಿಯಿದೆ ಎಂದು ಗುರುತು ಹಾಕಿ ಕಳಿಸಿದ್ದೆ. ಈ ಶುಚಿ ಮಾಡುವ ಹಾಳೆ ಮಾತ್ರ ಬೇರೆ ಕಟ್ಟಿನಲ್ಲಿ, ನನ್ನ ಕಣ್ಣಿಗೆ ಬೀಳದೆ, ನೇರವಾಗಿ ಹೋಗಿತ್ತು.

ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದೆ. ಗೇಟಿನಲ್ಲಿ ಸೆಕ್ಯೂರಿಟಿಯವರು ಮಾವಿನ ಸೊಪ್ಪು ಕಟ್ಟುತ್ತಿದ್ದರು.

“ಪೂಜೆ ನಾಳೆ ಮೇಡಂ. ನಾಳೆ ಬನ್ನಿ, ಮಂಡಕ್ಕಿ ಸಿಗುತ್ತೆ.”

“ಅಣ್ಣಾ, ನನ್ನ ತಂಗಿ ಒಳಗಿದಾಳೆ. ಪ್ರೆಸ್ ಒರೆಸ್ತಿದಾಳೆ. ಆ ಹಾಳೆ ತಪ್ಪಾಗಿದೆ.”

“ಯಾವ ಹಾಳೆ?”

ಹೇಳಲು ಹೋದೆ. ಆಗದೆ ಫೋನಿನಲ್ಲಿದ್ದ ಹಾಳೆಯ ಫೋಟೋವನ್ನೇ ಅವರ ಮುಂದೆ ಹಿಡಿದೆ. ಅವರು ನನ್ನ ಮುಖ ನೋಡಿದರು. “ಹೋಗಿ, ಹೋಗಿ. ಸೂಪರ್‌ವೈಸರ್‌ನ ಕರ್ಕೊಂಡ್ ಬರ್ತೀನಿ,” ಎಂದು ಸೊಪ್ಪನ್ನು ಅಲ್ಲೇ ಬಿಟ್ಟು ಗೇಟು ತೆಗೆದರು.

ಒಳಗೆ ಬಣ್ಣದ ವಾಸನೆ. ಧೂಳು ಊದುವುದಕ್ಕೆಂದು ಕಂಪ್ರೆಸರ್ ಓಡುತ್ತಿತ್ತು. ಅಂದರೆ ಗಾಳಿ ಇತ್ತು. ಪ್ರೆಸ್ಸು ಮೂಲೆಯಲ್ಲಿತ್ತು. ಅದರ ಎಡಬದಿಯ ಪ್ಯಾನೆಲ್ಲಿನಲ್ಲಿ ಒಂದು ಪುಟ್ಟ ಹಸಿರು ದೀಪ ಉರಿಯುತ್ತಿತ್ತು. ತಂಗಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೊಣಕೈವರೆಗೂ ಕೈಯನ್ನು ಒಳಗೆ ಹಾಕಿ ಉಜ್ಜುತ್ತಿದ್ದಳು. ಅವಳ ಕಾಲಿನ ಪಕ್ಕದಲ್ಲಿ ನೀರಿನ ಬಕೆಟ್ಟು, ಬಕೆಟ್ಟಿನ ಪಕ್ಕದಲ್ಲೇ ಪೆಡಲ್ಲು. ಉಜ್ಜುವಾಗ ಅವಳು ಒಂದೊಂದು ಕಾಲಿನ ಮೇಲೆ ಭಾರ ಬದಲಾಯಿಸುತ್ತಾಳೆ, ಅದು ಚಿಕ್ಕಂದಿನ ಅಭ್ಯಾಸ.

ಕಿರುಚಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಬೆಚ್ಚಿಬಿದ್ದು ಕಾಲು ಅತ್ತ ಇಟ್ಟರೆ?

ನಾಲ್ಕು ಹೆಜ್ಜೆ ಮುಂದಿಟ್ಟರೆ ಸ್ವಿಚ್ಚು ನನ್ನ ಕೈಗೆ ಸಿಗುತ್ತಿತ್ತು. ಹೋಗಿ ಅದರ ಮುಂದೆ ನಿಂತೆ. ಹಿಡಿದು ತಿರುಗಿಸುವ ಕಪ್ಪು ಗುಬುಟು, ಸುತ್ತ ಮೂರು ಗುರುತು, ಅಕ್ಷರವೆಲ್ಲ ಉಜ್ಜಿ ಉಜ್ಜಿ ಅಳಿಸಿಹೋಗಿದೆ. ಯಾವ ಕಡೆಗೆ ತಿರುಗಿಸಬೇಕು? ಕೈಪಿಡಿಯಲ್ಲಿ ‘ಚಿತ್ರ ನೋಡಿ’ ಎಂದಿತ್ತು. ಆ ಮಾತನ್ನು ಕನ್ನಡಕ್ಕೆ ತಂದದ್ದೂ ನಾವೇ. ಚಿತ್ರ ಮಾತ್ರ ನಮ್ಮ ಕಂಪ್ಯೂಟರಿಗೆ ಬರುವುದಿಲ್ಲ, ನಾನು ನೋಡಿರಲೇ ಇಲ್ಲ. ಎರಡು ಭಾಷೆಯಲ್ಲಿ ಆ ವಾಕ್ಯ ನನಗೆ ಬಾಯಿಪಾಠ, ಸ್ವಿಚ್ಚಿನ ಮೇಲೆ ಕೈಯಿಡಲು ಧೈರ್ಯವಿಲ್ಲ. ತಪ್ಪು ಕಡೆಗೆ ತಿರುಗಿಸಿದರೆ ಏನಾಗುತ್ತದೋ. ಕೈ ಅರ್ಧಕ್ಕೆ ಚಾಚಿ ಹಾಗೇ ನಿಂತೆ.

ಹೆಗಲ ಬ್ಯಾಗಿನಲ್ಲಿ ಫ್ಲಾಸ್ಕು ತಗುಲಿತು.

“ಪುಟ್ಟೀ,” ಎಂದೆ, ಅಮ್ಮ ಕರೆಯುತ್ತಿದ್ದ ದನಿಯಲ್ಲಿ, ಆದಷ್ಟು ಮೆತ್ತಗೆ. “ಕಾಫಿ ತಂದಿದೀನಿ. ಕೈ ಒರೆಸ್ಕೋ.”

“ಅಯ್ಯೋ, ಅಕ್ಕಾ! ನೀನೆಲ್ಲಿಂದ ಬಂದ್ಯೇ?” ಒಳಗೇ ಕೈಯಿಟ್ಟುಕೊಂಡು ತಿರುಗಿ ನೋಡಿದಳು. “ತಾಳು, ಈ ಮೂಲೆ ಒಂದು ಆಗ್ಬಿಡ್ಲಿ.”

“ಆರೋಗುತ್ತೆ. ಬಾ.”

“ಕಾಫಿ ಅಂದ್ರೆ ನಿಂಗೆ ಒಂದು ನಿಮಿಷ ತಡ್ಕೊಳಕ್ಕಾಗಲ್ಲ, ಅಲ್ವಾ?” ಎನ್ನುತ್ತಾ ಕೈ ಹೊರಗೆಳೆದಳು. ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಪೆಡಲ್ಲನ್ನು ದಾಟಿಕೊಂಡು ಈಚೆಗೆ ಬಂದಳು. ಅವಳ ಮಣಿಕಟ್ಟು ಹಿಡಿದುಕೊಂಡೆ.

“ಏನೇ ಇದು, ಕೈ ಹಿಂಗೆ ತಣ್ಣಗಿದೆ? ಹುಷಾರಿಲ್ವಾ? ಬಿಡೇ, ಗ್ರೀಸು ಅಂಟುತ್ತೆ.”

ಸೂಪರ್‌ವೈಸರು ಓಡಿಬಂದರು. ಹಸಿರು ದೀಪ ನೋಡಿ ಅಲ್ಲೇ ನಿಂತರು. ಗುಬುಟನ್ನು ತಿರುಗಿಸಿದರು. ಎಡಕ್ಕೆ. ದೀಪ ಆರಿತು. ಗಾಳಿಯ ಕೊಳವೆಯನ್ನೂ ಕಿತ್ತರು. ಆಮೇಲೆ, “ಯಾರಮ್ಮಾ ಇದನ್ನ ಹಾಕಿದ್ದು? ನಾನು ಬೆಳಿಗ್ಗೇನೇ ಆಫ್ ಮಾಡಿದ್ನಲ್ಲ!” ಎಂದರು.

“ನಾನೇ ಸಾರ್. ತಿರುಗಿಸಿ ಅಂತ ಬರ್ದಿದೆ, ತಿರುಗಿಸ್ದೆ. ಹಸಿರು ದೀಪ ಬಂತು, ಸರಿ ಹೋಯ್ತು ಅಂದ್ಕೊಂಡೆ. ಕೆಂಪು ಬಂದಿದ್ರೆ ಮುಟ್ತಿದ್ನಾ?”

ಅವರು ಹಾಳೆಯನ್ನು ಕಿತ್ತು ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು. “ನಾನೂ ಓದಿದ್ದೆ ಮೇಡಂ,” ಎಂದರು ನನಗೆ. “ಓದೋವಾಗ ನನ್ನ ತಲೇಲಿ ಆಫ್ ಅಂತಾನೇ ಇತ್ತು.”

ನಾನು ನೆಲದ ಮೇಲೆ, ಬಣ್ಣದ ಡಬ್ಬದ ಪಕ್ಕ ಕೂತುಬಿಟ್ಟೆ. ಫ್ಲಾಸ್ಕಿನ ಮುಚ್ಚಳವನ್ನು ಅವಳೇ ತೆರೆದು ಬಗ್ಗಿಸಿಕೊಂಡಳು. ಒಂದು ಗುಟುಕು ಕುಡಿದು ಮುಖ ಹಿಂಡಿದಳು.

“ಇದಕ್ಕೋಸ್ಕರ ಅಷ್ಟು ದೂರದಿಂದ ಬಂದ್ಯಾ? ಸಕ್ಕರೇನೇ ಇಲ್ಲ!”

ಆಗಷ್ಟೇ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ. ಪ್ರೆಸ್ಸನ್ನೂ ಪೆಡಲ್ಲನ್ನೂ ತನ್ನ ಕಾಲನ್ನೂ ನೋಡಿಕೊಂಡಳು. ಆಮೇಲೆ ಆ ಸಕ್ಕರೆಯಿಲ್ಲದ ಕಾಫಿಯನ್ನು ಕೊನೆವರೆಗೂ ಕುಡಿದಳು.

ಹಾಳೆ ಹೋಗಿದ್ದ ಬೇರೆ ಶೆಡ್ಡುಗಳಿಂದ ಆಫೀಸಿಗೆ ಒಂದೊಂದಾಗಿ ಉತ್ತರಗಳು ಬಂದವು. ಒಂದು ಕಡೆಯಿಂದ ಮಾತ್ರ ಬರಲಿಲ್ಲ. ಅದು ಎರಡು ರಸ್ತೆ ಆಚೆಗೇ ಇತ್ತು. ಸೂಪರ್‌ವೈಸರು, ತಂಗಿ, ನಾನು ಮೂವರೂ ನಡೆದು ಹೋದೆವು. ಬೀಗ ಹಾಕಿತ್ತು. ಬಾಗಿಲಿಗೆ ಬಾಳೆಕಂದು ಕಟ್ಟಿತ್ತು. “ನೆನ್ನೇನೇ ತೊಳ್ದು ಮುಗಿಸಿದ್ರು,” ಎಂದರು ಎದುರಿನ ಬೀಡಾ ಅಂಗಡಿಯವರು. ಯಾರಿಗೂ ಏನೂ ಆಗಲಿಲ್ಲವಷ್ಟೇ ಎಂದು ಕೇಳಿದೆ. “ಏನಾಗ್ಬೇಕಿತ್ತು ಮೇಡಂ?” ಎಂದು ನನ್ನನ್ನೇ ಕೇಳಿದರು.

ಹಬ್ಬ ಕಳೆದ ಮೇಲೆ ಇಂಜಿನಿಯರ್ ಹುಡುಗಿ ಮಿತಿಯನ್ನು ಹೆಚ್ಚಿಸೋಣ ಎಂದಳು. ನಾನು ಬೇಡ ಎಂದೆ. ಎಷ್ಟು ಹೆಚ್ಚಿಸಿದರೂ ಅದಕ್ಕಿಂತ ಒಂದು ಪದ ದೂರ ಕೂರುವ ವಾಕ್ಯ ಎಲ್ಲೋ ಇರುತ್ತದೆ. ಈಗ ಜೋಡಿ ಸಿಗದ ಸಣ್ಣ ಪದ ಉಳಿದರೆ ನಮ್ಮ ಕಂಪ್ಯೂಟರು ಅದನ್ನು ಬಿಡುವುದಿಲ್ಲ, ಅನುವಾದವನ್ನೇ ನಿಲ್ಲಿಸಿ ನನ್ನನ್ನು ಕರೆಯುತ್ತದೆ. ದಿನಕ್ಕೆ ಎಷ್ಟೋ ಸಲ ಕರೆಯುತ್ತದೆ. ಸಾರ್‌ಗೆ ಇದರಿಂದ ಕೆಲಸ ನಿಧಾನ ಎಂದು ಬೇಸರ. ಕರೆದಾಗಲೆಲ್ಲ ನಾನು ಕೈಲಿರುವ ಕೆಲಸ ಬಿಟ್ಟು ಮೂಲ ತೆಗೆದು ನೋಡುತ್ತೇನೆ.

ಪೀಣ್ಯಕ್ಕೆ ಓಡಿಹೋದ ಮರುದಿನ, ಪೂಜೆಗೆ, ತಂಗಿಯ ಮನೆಯಲ್ಲಿ ಊಟವಿತ್ತು. ನನ್ನ ಎಲೆಗೆ ಅವಳೇ ಒಬ್ಬಟ್ಟು ಬಡಿಸಿ, ಬಗ್ಗಿ ತುಪ್ಪ ಹಾಕಿದಳು. ಉಗುರಿನ ಸಂದಿಯಲ್ಲಿ ಗ್ರೀಸು ಇನ್ನೂ ಪೂರ್ತಿ ಹೋಗಿರಲಿಲ್ಲ. ನಾನು ಎಲೆಯ ಕಡೆ ನೋಡದೆ ಅವಳ ಬೆರಳುಗಳನ್ನೇ ನೋಡುತ್ತಿದ್ದೆ.

“ತೊಳ್ಕೊಂಡೇ ಬಡಿಸ್ತಿರೋದು ಕಣೇ,” ಎಂದಳು. “ತಿನ್ನು.”