ಅಕ್ಕನಾಗಮ್ಮನ ಬೇನೆಗೆ ಹೆಸರು

ಮೈಂದರ್ಗಿಯ ಅಮೃತಪ್ಪನ ಹೆಂಡತಿ ಅಕ್ಕನಾಗಮ್ಮ ಗಟ್ಟಿ ಹೆಣ್ಣುಮಗಳು. ರಾಶಿ ಮುಗಿದ ಮೇಲೆ ಜೋಳದ ಚೀಲಗಳನ್ನು ಆಳುಗಳ ಸಮಕ್ಕೆ ತಾನೂ ಬೆನ್ನ ಮೇಲೆ ಹೇರಿಕೊಂಡು ಒಳಗೆ ಒಯ್ಯುವವಳು. ಅಂಥವಳು ೧೯೨೯ರ ಚಳಿಗಾಲದ ಒಂದು ಮುಂಜಾನೆ ಬೀಸುಕಲ್ಲಿನ ಗೂಟ ಹಿಡಿದು ಸುಮ್ಮನೆ ಕೂತಿದ್ದಳು. ಕಲ್ಲು ತಿರುಗುತ್ತಿರಲಿಲ್ಲ.

“ಇನ್ನೂ ನಿದ್ದಿ ಬಿಟ್ಟಿಲ್ಲೇನು?” ಎಂದು ಅತ್ತೆ ಗುರಮ್ಮ ಕೇಳಿದಳು.

“ತೋಳಾಗ ಬಲಾನ ಇಲ್ರಿ ಅತ್ತಿ. ಒಳಗ ಯಾರೋ ಹಿಂಡಿದಂಗ ನೋಯಾಕತ್ತಾವ.”

“ನಿನ್ನಿ ಹೊಲದಾಗ ದಣದಿ. ಏಳು, ನಾ ಬೀಸ್ತೀನಿ.”

ಏಳಲು ಹೋದರೆ ತೊಡೆಗಳೂ ಮಾತು ಕೇಳಲಿಲ್ಲ. ಗೋಡೆ ಹಿಡಿದು ಎದ್ದಳು. ದಣಿವೆಂದುಕೊಂಡದ್ದು ಸಂಕ್ರಾಂತಿ ಕಳೆದರೂ ಹೋಗಲಿಲ್ಲ. ತುಂಬಿದ ಕೊಡ ತಲೆಗೆ ಏರದಾಯಿತು, ಆಮೇಲೆ ಟೊಂಕಕ್ಕೂ ಬಾರದಾಯಿತು. ಆಗಷ್ಟೇ ನಡೆಯಲು ಕಲಿತಿದ್ದ ಮಗಳು ಸೋನಾಬಾಯಿ ಕೈ ಚಾಚಿ ನಿಂತರೆ ಎತ್ತಿಕೊಳ್ಳಲಾಗುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಮಗು ಅವ್ವನನ್ನು ಬಿಟ್ಟು ಅಜ್ಜಿಯ ಕಡೆಗೇ ಕೈ ಚಾಚುವುದನ್ನು ರೂಢಿ ಮಾಡಿಕೊಂಡಿತು.

ಅಕ್ಕಲಕೋಟೆಯ ವೈದ್ಯರು ನಾಡಿ ಹಿಡಿದು ವಾತವೆಂದರು. ಎಣ್ಣೆ ಕೊಟ್ಟರು. ತಿಕ್ಕಿದಷ್ಟೂ ನೋವು ಹೆಚ್ಚಿತು. ಗುರಮ್ಮ ಮಠಕ್ಕೆ ಕರೆದೊಯ್ದು ತಾಯತ ಕಟ್ಟಿಸಿದಳು, ಸೋಮವಾರದ ಉಪವಾಸ ಹಿಡಿಸಿದಳು. ಯಾವುದೂ ನಾಟದಿದ್ದಾಗ ಮನೆಯಲ್ಲಿ ಮಾತಿನ ದನಿ ಬದಲಾಯಿತು.

“ಜ್ವರ ಇಲ್ಲ, ಬಾವು ಇಲ್ಲ, ಮೈಮ್ಯಾಗ ಒಂದು ಗಾಯಾ ಇಲ್ಲ,” ಎಂದು ಗುರಮ್ಮ ಓಣಿಯ ಹೆಂಗಸರೆದುರು ಹೇಳಿದಳು. “ಕೂತ್ರ ಬರೋಬ್ಬರಿ ಉಣತಾಳ, ಮಾತಾಡ್ತಾಳ. ಕೆಲಸ ಅಂದ್ರ ಅಷ್ಟ ಕೈ ಬರೂದಿಲ್ಲ. ನಾ ಏನಂತ ತಿಳಕೊಳ್ಳಿ?”

ಅಕ್ಕನಾಗಮ್ಮನಿಗೆ ಅದು ಕೇಳಿಸಿತ್ತು. ಅವಳಿಗೇ ತನ್ನ ಮೇಲೆ ಸಂಶಯ ಬರತೊಡಗಿತು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ತಾಮ್ರದ ಕೊಡಕ್ಕೆ ಕೈ ಹಾಕಿ, ನಿಜವಾಗಿಯೂ ಆಗುವುದಿಲ್ಲವೋ, ತಾನೇ ಮೈಗಳ್ಳಿಯಾಗಿದ್ದೇನೋ ಎಂದು ಪರೀಕ್ಷಿಸಿ ನೋಡುತ್ತಿದ್ದಳು. ಕೊಡ ನೆಲ ಬಿಟ್ಟು ಏಳುತ್ತಿರಲಿಲ್ಲ.

ಅಮೃತಪ್ಪ ಅವಳನ್ನು ರೈಲಿನಲ್ಲಿ ಸೊಲ್ಲಾಪುರಕ್ಕೆ ಕರೆದೊಯ್ದ. ಅಲ್ಲಿ ಕಾಳಿನ ಅಡತಿ ಅಂಗಡಿ ಇಟ್ಟಿದ್ದ ಅವನ ದೊಡ್ಡಪ್ಪನ ಮಗ ಸಾತಲಿಂಗಪ್ಪ ಒಬ್ಬ ಡಾಕ್ಟರರಿಗೆ ತೋರಿಸಿದ. ಡಾಕ್ಟರರು ಎದೆಗೆ ನಳಿಗೆ ಇಟ್ಟು ಕೇಳಿದರು, ನಾಲಿಗೆ ನೋಡಿದರು, ಆಮೇಲೆ ಅವಳತ್ತ ತಿರುಗದೆ ಅಮೃತಪ್ಪನಿಗೆ ಮರಾಠಿಯಲ್ಲಿ ಹೇಳಿದರು: “ಆಜಾರ ಕಾಹೀ ನಾಹೀ. ಮನಾಚಾ ಖೇಳ ಆಹೇ.”

ಹೊರಗೆ ಬಂದ ಮೇಲೆ ಅಮೃತಪ್ಪ, “ಏನೂ ಕಾಳಜಿ ಇಲ್ಲಂತ. ಟಾನಿಕ್ ಕೊಟ್ಟಾರ,” ಎಂದ.

“ರೋಗ ಇಲ್ಲ, ಮನಸಿನ ಆಟ ಅಂದ್ರು. ನನಗ ಮರಾಠಿ ತಿಳೀತೈತಿ,” ಎಂದಳು ಅವಳು.

ಅವನು ಟಾನಿಕ್ಕಿನ ಬಾಟಲಿಯನ್ನು ಚೀಲಕ್ಕೆ ಹಾಕಿದ. ಬಾಟಲಿ ಮುಗಿಯಿತು, ಮತ್ತೊಂದು ತರಿಸಿದರು. ಮರುವರ್ಷ ಅವಳು ಹಿತ್ತಲಿನಲ್ಲಿ ಬಿದ್ದು, ಏಳಲಾಗದೆ, ಕೂಗಲು ನಾಚಿ, ಗಂಡ ಹೊಲದಿಂದ ಬರುವವರೆಗೆ ಬಿಸಿಲಿನಲ್ಲೇ ಇದ್ದಳು. ಆಮೇಲೆ ಮತ್ತೊಮ್ಮೆ ಸೊಲ್ಲಾಪುರಕ್ಕೆ ಹೋದರು.

ಈ ಸಲದ ಡಾಕ್ಟರರು ವಯಸ್ಸಾದವರು, ಕನ್ನಡ ಬಲ್ಲವರು. ಅವಳನ್ನು ನೆಲದ ಮೇಲೆ ಕೂರಿಸಿ ಏಳಲು ಹೇಳಿದರು. ಅವಳು ಮುಂದಕ್ಕೆ ಬಾಗಿ, ಕೈಗಳನ್ನು ಮೊಣಕಾಲಿಗೆ, ಮೊಣಕಾಲಿನಿಂದ ತೊಡೆಗೆ ಊರುತ್ತ, ತನ್ನ ಮೈಯನ್ನೇ ಹತ್ತಿದಂತೆ ಎದ್ದು ನಿಂತಳು. ಡಾಕ್ಟರರು ಅವಳ ತೋಳನ್ನು ಬಹಳ ಹೊತ್ತು ಮುಟ್ಟಿ ನೋಡಿದರು.

“ಬಾಯಿ, ನೀವು ಸುಳ್ಳು ಹೇಳಾಕತ್ತಿಲ್ಲ,” ಎಂದರು. “ನಿಮ್ಮ ಮಾಂಸಖಂಡ ಸೊರಗ್ಯಾವ. ಯಾಕಂತ ನನಗ ಗೊತ್ತಿಲ್ಲ.”

“ಇದಕ್ಕ ಹೆಸರೇನ್ರಿ?”

“ಗೊತ್ತಿದ್ರ ಹೇಳ್ತಿದ್ದೆ. ನನ್ನ ಹತ್ತಿರ ಔಷಧನೂ ಇಲ್ಲ.”

ಅಕ್ಕನಾಗಮ್ಮ ಅಲ್ಲೇ ಅತ್ತಳು. ಹೆದರಿದಳೆಂದು ಅಮೃತಪ್ಪ ತಿಳಿದ. ರೈಲು ಹೊರಟ ಮೇಲೆ ಅವಳು ಕೇಳಿದಳು, “ಮನ್ಯಾಗ ಏನಂತ ಹೇಳ್ತೀರಿ?”

“ವಾತ ಅಂತ ಹೇಳ್ತೀನಿ.”

“ಡಾಕ್ಟರ್ ಹಂಗ ಅನ್ನಲಿಲ್ಲ. ನಾ ಸುಳ್ಳು ಹೇಳಾಕತ್ತಿಲ್ಲ ಅಂದ್ರು. ಅದನ್ನ ಹೇಳ್ರಿ.”

“ಗೊತ್ತಿಲ್ಲ ಅಂತ ಬಂದು ಹೇಳಿದ್ರ ನಗತಾರ, ನಾಗಮ್ಮ.”

ಮನೆಗೆ ಬಂದು ಅವನು ವಾತವೆಂದೇ ಹೇಳಿದ. ವಾತವಾದವರು ಊರಿನಲ್ಲಿ ಬೇಕಾದಷ್ಟು ಜನರಿದ್ದರು, ಅವರೆಲ್ಲ ಕೋಲು ಹಿಡಿದು ಕೆಲಸ ಮಾಡುತ್ತಿದ್ದರು.

ಆದರೆ ತನ್ನ ತಲೆಗೆ ತಾನೇ ಬಾಚಣಿಗೆ ಒಯ್ಯಲಾಗದ ಸೊಸೆಯನ್ನು ದಿನವೂ ನೋಡುತ್ತ ಗುರಮ್ಮನ ಬಾಯಿ ನಿಂತಿತು. ತಾನೇ ಅವಳ ತಲೆ ಬಾಚತೊಡಗಿದಳು. ಒಂದು ದಿನ ಹಾಗೆ ಬಾಚುತ್ತಲೇ, “ಅಮೃತನಿಗೆ ಮತ್ತೊಂದು ಲಗ್ನಾ ಮಾಡೋಣಂತ. ನನ್ನ ಕೈನೂ ಸೋತಾವ,” ಎಂದಳು.

ಅಕ್ಕನಾಗಮ್ಮ, “ಮಾಡ್ರಿ. ಸೋನಿಗೆ ಜಡಿ ಹಾಕಾಕ ಯಾರರ ಬೇಕಲ್ಲ,” ಎಂದಳು.

ಮಂದ್ರೂಪದಿಂದ ಎರಡನೇ ಹೆಂಡತಿಯಾಗಿ ಕಸ್ತೂರಬಾಯಿ ಬಂದಳು. ಕೆಟ್ಟವಳಲ್ಲ. ಬಂದ ವಾರದಲ್ಲೇ ಕೇಳಿದಳು, “ಅಕ್ಕಾ, ನಿಮಗ ಆಗಿರೂದರ ಏನು?”

“ಡಾಕ್ಟರಗೂ ಗೊತ್ತಾಗಿಲ್ಲವ್ವ,” ಎಂದು ಅಕ್ಕನಾಗಮ್ಮ ಇದ್ದದ್ದನ್ನು ಇದ್ದಂತೆ ಹೇಳಿದಳು.

ಆ ಮಾತೇ ಮುಳುವಾಯಿತು. ಡಾಕ್ಟರರಿಗೂ ತಿಳಿಯದ್ದು ಅಂಟುವುದಿಲ್ಲವೆಂದು ಯಾರು ಹೇಳಬೇಕು? ಕಸ್ತೂರಬಾಯಿ ಅಕ್ಕನಾಗಮ್ಮನ ತಾಟು ಬೇರೆ ಇಟ್ಟಳು, ಅವಳ ಹಾಸಿಗೆಯನ್ನು ಪಡಸಾಲೆಯ ಮೂಲೆಗೆ ಹಾಕಿಸಿದಳು. ತಾನು ಬಸುರಿಯಾದ ಮೇಲೆ ಸೋನಿಯನ್ನೂ ಆ ಮೂಲೆಗೆ ಬಿಡಲಿಲ್ಲ. ಅಮೃತಪ್ಪ ಒಂದೆರಡು ಸಲ ಗದರಿದ, ಆಮೇಲೆ ಬಿಟ್ಟುಬಿಟ್ಟ.

೧೯೩೪ರ ಹೊತ್ತಿಗೆ ಗಂಜಿಯೂ ಗಂಟಲಿಗೆ ಸಿಕ್ಕತೊಡಗಿತು. ಗಂಡ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಲು ಬಂದರೆ, “ಎತ್ತಬ್ಯಾಡ್ರಿ, ಬಾಳ ನೋಯತೈತಿ,” ಎನ್ನುತ್ತಿದ್ದಳು. ಜೋಳ ಹಾಲುಗಾಳಾಗಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ, ಗುರಮ್ಮ ಹತ್ತಿರ ಕೂತಿದ್ದಾಗ, ಉಸಿರು ನಿಂತಿತು.

ಜಂಗಮರು ಬಂದರು. ಪದ್ಧತಿಯಂತೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿದರು. ಹೊರಗಿನಿಂದ ಓಡಿಬಂದ ಸೋನಿ ಬಾಗಿಲಲ್ಲಿ ನಿಂತಳು. ಅವ್ವ ಕೂತದ್ದನ್ನು ಅವಳು ನೋಡಿ ಬಹಳ ದಿನವಾಗಿತ್ತು.

“ಅವ್ವಗ ಆರಾಮಾಗ್ಯಾದ,” ಎಂದು ಹೋಗಿ ಪಕ್ಕದಲ್ಲಿ ಕೂತು, ತಾಯಿಯ ತೊಡೆಯ ಮೇಲೆ ಕೈ ಇಟ್ಟಳು.

ಕಸ್ತೂರಬಾಯಿ ಬಂದು ಸೋನಿಯನ್ನು ರಟ್ಟೆ ಹಿಡಿದು ಎಬ್ಬಿಸಿ, ಕೈ ತೊಳೆಸಲು ಹಿತ್ತಲಿಗೆ ಕರೆದುಕೊಂಡು ಹೋದಳು.