ಕಾಜಾ ಅಕ್ಕನ ತುರಿಕೆ

"ಮಾಸ್ಟ್ರೇ, ನಾನು ಸುಮ್ಸುಮ್ನೆ ಒಬ್ಬರ ಮೇಲೆ ದೂರು ಹೇಳೋಳಲ್ಲ. ಸುಮಾರು ದಿನದಿಂದ ನೋಡ್ತಾನೇ ಇದೀನಿ. ನನ್ನ ಬಟ್ಟೆ ಒಗೆಯೋವಾಗ ಮಾತ್ರ ನನ್ನ ಓರಗಿತ್ತಿ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಕೋತಾಳೆ. ಗಂಡನ ಬಟ್ಟೆಗಿಲ್ಲ, ಮಗು ಬಟ್ಟೆಗಿಲ್ಲ, ಅತ್ತೆ ಬಟ್ಟೆಗೂ ಇಲ್ಲ. ನನ್ನದು ಬಂತು ಅಂದ್ರೆ ಎದ್ದು ಒಳಗೆ ಹೋಗಿ ಚೀಲ ತರ್ತಾಳೆ. ಯಾಕೆ, ನೀವೇ ಹೇಳಿ. ಸೋಪಿನ ಪುಡಿ ಜೊತೆ ಏನೋ ಬೆರೆಸ್ತಾಳೆ, ಅದು ತನ್ನ ಕೈಗೆ ತಾಗಬಾರದು, ಅಷ್ಟೇ. ಆ ಬಟ್ಟೆ ಹಾಕ್ಕೊಂಡೆ ಅಂದ್ರೆ ಕತ್ತಿನ ಸುತ್ತ ಬೆಂಕಿ ಇಟ್ಟ ಹಾಗೆ. ಗುಳ್ಳೆ ನೋಡಿ ಇಲ್ಲಿ. ಅದರ ಮೇಲೆ ತಾನೇ ಬಂದು ಕೇಳ್ತಾಳೆ, 'ಅಕ್ಕಾ, ತುಂಬಾ ಉರಿಯುತ್ತಾ?' ಅಂತ. ಆ ಕೇಳೋ ಧಾಟಿಯಲ್ಲೇ ಇದೆ ಎಲ್ಲಾ. ಇವತ್ತು ತುರಿಕೆ, ನಾಳೆ ಇನ್ನೇನೋ. ನಾನಂತೂ ಬೇರೆ ಮನೆ ಮಾಡಿಬಿಡ್ತೀನಿ. ಅವಳ ಜೊತೆ ಒಂದೇ ಸೂರಿನ ಕೆಳಗೆ ಇನ್ನು ಆಗಲ್ಲ."

ದರ್ಜಿ ಮಾಸ್ಟರರ ಬಾಯಲ್ಲಿ ಆಗ ನಾಲ್ಕೈದು ಗುಂಡುಪಿನ್ನುಗಳಿದ್ದವು. ಹಾಗಾಗಿ ಅವರು "ಹೂಂ" ಎಂದಷ್ಟೇ ಅಂದರು. ಅದನ್ನೇ ಕಾಜಾ ಅಕ್ಕ ಒಪ್ಪಿಗೆ ಎಂದು ತಿಳಿದಳು. ಅನುಮಾನ ಹೊಕ್ಕವರಿಗೆ ಪಕ್ಕದವರು ಕೆಮ್ಮಿದರೂ ಸಾಕ್ಷಿಯೇ.

ಆ ಹೆಸರು ಅವಳಿಗೆ ಕಸುಬಿನಿಂದ ಬಂದದ್ದು. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರು ಬೇರೆ. ಕೋಟುಗಳಿಗೆ ಕೈಯಿಂದಲೇ ಕಾಜಾ ಕಟ್ಟಿ, ಅಂದರೆ ಗುಂಡಿ ತೂರುವ ಸೀಳಿನ ಅಂಚಿಗೆ ದಾರ ಸುತ್ತಿ, ಗುಂಡಿ ಹಚ್ಚುವವಳು ಇವಳೊಬ್ಬಳು. ಬಟ್ಟೆಯನ್ನು ಮೂಗಿನ ತುದಿಗೆ ಹಿಡಿದು ವಾರವೆಲ್ಲ ಕಳೆದರೆ ಕಣ್ಣು ಸೋತು ಹೋಗುತ್ತಿತ್ತು. "ದೂರ ನೋಡಮ್ಮ, ಹಸಿರು ನೋಡು" ಎಂದು ಕನ್ನಡಕದ ಅಂಗಡಿಯವನು ಹೇಳಿದ ಮೇಲೆ, ರಜೆಯ ದಿನ ಊರಾಚೆಯ ಕಾಡಿಗೆ ಹೋಗುವ ಗುಂಪೊಂದನ್ನು ಸೇರಿಕೊಂಡಳು. ಕೆಲಸದಿಂದ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು ಆ ಗುಂಪಿಗೆ ಯಜಮಾನರು. ಹಕ್ಕಿ, ಎಲೆ, ಜೇಡರ ಬಲೆ ನೋಡುತ್ತ ಅಲೆದು, ಮಧ್ಯಾಹ್ನ ಒಂದು ದೊಡ್ಡ ಮರದಡಿ ಎಲ್ಲರೂ ಬುತ್ತಿ ಬಿಚ್ಚುತ್ತಿದ್ದರು.

ಕಾಜಾ ಅಕ್ಕ ತನ್ನ ಉಣ್ಣೆಯ ಶಾಲು ಹಾಸಿ ಕೂರುತ್ತಿದ್ದಳು. ಏಳುವಾಗ ಉಳಿದವರು ಹಾಸಿದ್ದನ್ನು ದೂರ ಒಯ್ದು ಕೊಡವುತ್ತಿದ್ದರು. ಇವಳು ಕೊಡವುತ್ತಿರಲಿಲ್ಲ. ದರ್ಜಿ ಅಂಗಡಿಯಲ್ಲಿ ಬಟ್ಟೆ ಕೊಡವಿದರೆ ದಾರದ ಚೂರು, ದೂಳು ಪಕ್ಕದವರ ಕೆಲಸದ ಮೇಲೆ ಹಾರುತ್ತದೆ. ಕೊಳೆ ಒಳಗಡೆ ಬರುವಂತೆ ಮಡಚಿ ಅಂಗೈಯಲ್ಲಿ ಒತ್ತುವುದೇ ಅಲ್ಲಿ ಕಲಿತ ಪಾಠ. ಕೈಗೆ ಹತ್ತಿದ ಪಾಠ ಕಾಡಿಗೆ ಹೋದರೂ ಬಿಡುತ್ತದೆಯೇ? ಹಾಗೇ ಮಡಚಿ ಮನೆಗೆ ತಂದು ಬೀರುವಿನಲ್ಲಿ ತನ್ನ ಬಟ್ಟೆಗಳ ಮೇಲೆ ಇಡುತ್ತಿದ್ದಳು. ಉಣ್ಣೆ ಹಾಳಾಗುತ್ತದೆಂದು ಅದನ್ನು ಒಗೆಯಲು ಹಾಕುತ್ತಲೂ ಇರಲಿಲ್ಲ.

"ಕಂಬಳಿ ಹುಳ ಕಂಡರೆ ಮುಟ್ಟಬೇಡಿ" ಎಂದು ಮೇಷ್ಟ್ರು ಮೊದಲ ದಿನವೇ ಎಚ್ಚರಿಸಿದ್ದರು. ಅವಳು ಮುಟ್ಟಿರಲಿಲ್ಲ. ಶಾಲಿನ ಮೇಲೆ ಬಿದ್ದದ್ದನ್ನೂ ಕಡ್ಡಿಯಿಂದ ತಳ್ಳಿದ್ದಳೇ ಹೊರತು ಬೆರಳು ತಾಗಿಸಿರಲಿಲ್ಲ. ಹಾಗಾಗಿ ತುರಿಕೆ ಎದ್ದಾಗ ಹುಳದ ಮಾತು ಅವಳ ತಲೆಗೇ ಬರಲಿಲ್ಲ. ತಲೆಗೆ ಬಂದದ್ದು ಮನೆಯಲ್ಲಿದ್ದ ಓರಗಿತ್ತಿ.

ಓರಗಿತ್ತಿ ಎಂದರೆ ಮೈದುನನ ಹೆಂಡತಿ. ಮನೆಯ ಬಟ್ಟೆಯೆಲ್ಲ ಒಗೆಯುವವಳು ಅವಳೇ. ಕಾಜಾ ಅಕ್ಕನಿಗೆ ಮಕ್ಕಳಿರಲಿಲ್ಲ. ಓರಗಿತ್ತಿಯ ಮಗಳು ಹುಟ್ಟಿದಾಗಿನಿಂದ ಬೆಳೆದದ್ದು ಇವಳ ಮಡಿಲಲ್ಲಿ. ರಾತ್ರಿ ಮಲಗುತ್ತಿದ್ದದ್ದೂ ದೊಡ್ಡಮ್ಮನ ಮಗ್ಗುಲಲ್ಲೇ. ಈಚೆಗೆ ಓರಗಿತ್ತಿ ಅದಕ್ಕೂ ಕತ್ತರಿ ಹಾಕಿದ್ದಳು. "ಇವತ್ತು ನನ್ನ ಹತ್ರ ಮಲಗು ಪುಟ್ಟಿ" ಎಂದು ಮಗುವನ್ನು ಎಳೆದುಕೊಂಡು ಹೋಗುತ್ತಿದ್ದಳು. ಒಂದು ದಿನ ದೊಡ್ಡಮ್ಮ ಕುಡಿದ ಲೋಟವನ್ನು ಮಗು ಎತ್ತಿಕೊಂಡರೆ ಸರಕ್ಕನೆ ಕಿತ್ತುಕೊಂಡಳು. ಕಾಜಾ ಅಕ್ಕ ಕಂಡೂ ಕಾಣದವಳಂತೆ ಇದ್ದಳು. ಆದರೆ ಮನಸ್ಸಿನಲ್ಲಿ ಒಂದೊಂದನ್ನೂ ಗಂಟು ಹಾಕಿಟ್ಟುಕೊಂಡಳು.

"ಏನ್ರೀ, ಮನೆ ನೋಡಿದ್ರಾ?" ಎಂದು ಗಂಡನನ್ನು ಕೇಳಿದಳು.

ಅವನು ಬಸ್ ಡಿಪೋದಲ್ಲಿ ಗಾಲಿಗಳಿಗೆ ಗಾಳಿ ತುಂಬುವವನು. ಮಾತಿಗೆ ಗಾಳಿ ತುಂಬುವವನಲ್ಲ. "ನೋಡ್ದೆ. ನಲ್ಲಿ ಚೆನ್ನಾಗಿದೆ."

"ನಲ್ಲಿ ಅಷ್ಟೇನಾ?"

"ನೀರೂ ಬರುತ್ತೆ. ನಾಳೆ ಹೂಂ ಅನ್ನಬೇಕಂತೆ." ಸ್ವಲ್ಪ ತಡೆದು ಕೇಳಿದ, "ಪುಟ್ಟಿನ ಬಿಟ್ಟು ಇರ್ತೀಯೇನು?"

ಸೂಜಿಗೆ ಪೋಣಿಸುತ್ತಿದ್ದ ಅವಳ ದಾರ ಕಣ್ಣು ತಪ್ಪಿ ಪಕ್ಕಕ್ಕೆ ಹೋಯಿತು. ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮತ್ತೆ ಪೋಣಿಸತೊಡಗಿದಳು.

ಮರುದಿನ ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಬಂದಾಗ ಮಗು ಕಿರುಚುತ್ತಿತ್ತು. ಬೀರುವಿನಿಂದ ದೊಡ್ಡಮ್ಮನ ಶಾಲು ಎಳೆದು, ಎರಡು ಕುರ್ಚಿಗಳ ಮೇಲೆ ಹೊದಿಸಿ, ಕೆಳಗೆ ಗುಡಾರ ಮಾಡಿಕೊಂಡು ಆಡುತ್ತಿತ್ತಂತೆ. ಈಗ ಒಂದು ಕಣ್ಣು ಕೆಂಡದ ಹಾಗೆ ಕೆಂಪು. ಎರಡೂ ಮುಷ್ಟಿಯಿಂದ ಉಜ್ಜುತ್ತಿದೆ.

"ಏನು ಹಾಕಿದ್ದೀಯೇ ನನ್ನ ಬಟ್ಟೆಗೆ?" ಎಂದು ಕಾಜಾ ಅಕ್ಕ ಕೂಗಿದಳು. "ನನಗೆ ಮಾಡಿದ್ದು ನಿನ್ನ ಮಗೂಗೇ ತಗುಲ್ತು ನೋಡು!"

"ನಾನೇನು ಹಾಕ್ಲಿ? ನಿಮ್ಮ ಮೈಯಲ್ಲಿ ಇರೋದೇ ಅಂಟ್ಕೊಂಡಿರೋದು!" ಓರಗಿತ್ತಿಯ ದನಿಯೂ ಏರಿತು. "ಅದಕ್ಕೇ ದೂರ ಇಡ್ತಿದ್ದೆ!"

"ಬಾಯಿಗೆ ಬೀಗ ಹಾಕಿ, ಕಾಲಿಗೆ ಕೆಲಸ ಕೊಡಿ!" ಎಂದು ಅತ್ತೆ ಒಳಗಿನಿಂದ ಗದರಿದರು. "ಜಗಳ ಎಲ್ಲಿಗೂ ಹೋಗಲ್ಲ, ಕಣ್ಣು ಹೋಗುತ್ತೆ."

ಒಬ್ಬಳು ಮಗುವನ್ನು ಎತ್ತಿಕೊಂಡಳು, ಇನ್ನೊಬ್ಬಳು ಅದರ ಕೈಗಳನ್ನು ಹಿಡಿದುಕೊಂಡಳು. ಹಾಗೇ ಆಸ್ಪತ್ರೆಗೆ ಓಡಿದರು. ದಾರಿಯುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಡಾಕ್ಟರಮ್ಮ ಮಗುವಿನ ಕಣ್ಣಿಗೆ ನೀರು ಹರಿಸಿ ತೊಳೆದು, ರೆಪ್ಪೆ ಮಗುಚಿ, ದೀಪ ಹಿಡಿದು ಬಗ್ಗಿದರು. ಬಹಳ ಹೊತ್ತಾದ ಮೇಲೆ ಸಣ್ಣ ಚಿಮಟದ ತುದಿಯಲ್ಲಿ ಏನೋ ಹಿಡಿದು ಎತ್ತಿದರು. ಕಣ್ಣಿಗೆ ಕಂಡೂ ಕಾಣದಂಥ ಒಂದು ರೋಮ.

"ಕಂಬಳಿ ಹುಳದ್ದು. ನಿಮ್ಮಲ್ಲಿ ಕಾಡು, ತೋಟ ಅಂತ ತಿರುಗೋರು ಯಾರು?"

"ನಾನು ಹೋಗ್ತೀನಿ. ಆದ್ರೆ ಹುಳ ಮುಟ್ಟಿಲ್ಲ ಡಾಕ್ಟ್ರೇ" ಎಂದಳು ಕಾಜಾ ಅಕ್ಕ.

"ಮುಟ್ಟಲೇಬೇಕು ಅಂತೇನಿಲ್ಲಮ್ಮ. ಅದು ಹರಿದಾಡಿದ ಕಡೆ ರೋಮ ಉದುರುತ್ತೆ. ಬಟ್ಟೆಗೆ ಹತ್ತಿದ್ರೆ ತಿಂಗಳಾದ್ರೂ ಚುಚ್ಚುತ್ತೆ. ಮರದ ಕೆಳಗೆ ಏನಾದ್ರೂ ಹಾಸಿ ಕೂತಿದ್ರಾ?"

"ಶಾಲು ಹಾಸಿದ್ದೆ" ಎನ್ನುತ್ತ ಅವಳು ಕತ್ತಿನ ಗುಳ್ಳೆ ಮುಟ್ಟಿಕೊಂಡಳು. ಡಾಕ್ಟರಮ್ಮ ಅವಳ ಕತ್ತಿಗೆ ಅಂಟುಪಟ್ಟಿ ಒತ್ತಿ ಒತ್ತಿ ಕಿತ್ತರು. "ಉಜ್ಜಬೇಡಿ, ಉಜ್ಜಿದಷ್ಟೂ ಒಳಗೆ ಹೋಗುತ್ತೆ. ಹೀಗೆ ಕಿತ್ತು, ಸೋಪು ನೀರಲ್ಲಿ ತೊಳೀರಿ. ಉಸಿರು ಕಟ್ಟಿದ ಹಾಗಾದ್ರೆ, ಮುಖ ಊದಿದ್ರೆ, ಕಣ್ಣಿಗೆ ಬಿದ್ರೆ ಒಂದು ಗಳಿಗೆಯೂ ಕಾಯದೆ ಬರಬೇಕು. ಈ ಮಗುವಿನ ಕಣ್ಣು ಉಳೀತು, ನಾಳೆ ಮತ್ತೆ ತೋರಿಸಿ." ಆಮೇಲೆ ಓರಗಿತ್ತಿಯ ಕಡೆ ತಿರುಗಿದರು. "ನಿಮ್ಮ ತೋಳು ಮೇಲೆ ಮಾಡಿ. ಆಗಿನಿಂದ ಮುಚ್ಕೋತಾನೇ ಇದ್ದೀರಿ."

ಅವಳ ಬೆರಳ ಸಂದಿಯಿಂದ ಮೊಣಕೈವರೆಗೆ ಗುಳ್ಳೆಗಳು. ಕಾಜಾ ಅಕ್ಕನ ಕತ್ತಿನವಕ್ಕಿಂತ ಹೆಚ್ಚಿದ್ದವು.

ಹೊರಗೆ ಬೆಂಚಿನ ಮೇಲೆ ಮಗುವನ್ನು ನಡುವೆ ಕೂರಿಸಿಕೊಂಡು ಕೂತರು.

"ನಿಮ್ಮ ಬಟ್ಟೆ ಒಗೆದಾಗೆಲ್ಲ ಉರೀತಿತ್ತು" ಎಂದಳು ಓರಗಿತ್ತಿ. "ಯಾವುದೋ ಅಂಟುರೋಗ, ಹೇಳದೇ ಮುಚ್ಚಿಡ್ತಿದ್ದೀರಿ ಅಂದ್ಕೊಂಡೆ. ಕೇಳಿದ್ರೂ ನೀವು ಬಾಯಿ ಬಿಡ್ತಿರಲಿಲ್ಲ."

"ನೀನು ಕೇಳಿದ್ದು ಕುಹಕ ಅಂದ್ಕೊಂಡೆ. ಸೋಪಿನ ಪುಡಿ ಜೊತೆ ಏನೋ ಬೆರೆಸ್ತೀಯ ಅಂತ ಅಂಗಡಿ ಮಾಸ್ಟ್ರ ಹತ್ರವೂ ಹೇಳ್ಬಿಟ್ಟೆ."

"ವಿಷಾನಾ? ನಾನಾ?" ಓರಗಿತ್ತಿಯ ಕಣ್ಣು ತುಂಬಿತು. "ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ?"

ಮಗು ಇಬ್ಬರ ಬೆರಳನ್ನೂ ಹಿಡಿದುಕೊಂಡು, ಒಂದೇ ಕಣ್ಣಲ್ಲಿ ಎದುರಿನ ಗೋಡೆ ನೋಡುತ್ತಿತ್ತು.

ಮನೆಗೆ ಬಂದ ಮೇಲೆ ಶಾಲನ್ನು ಕೋಲಿನಿಂದ ಎತ್ತಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ಬೀರುವಿನ ಬಟ್ಟೆಗಳಿಗೆಲ್ಲ ಕುದಿಯುವ ನೀರು. ಅತ್ತೆ ಸಂಗತಿಯನ್ನೆಲ್ಲ ಕೇಳಿ, "ಸುಮ್ಮನಿರಲಾರದೆ ಇರುವೆ ಬಿಟ್ಕೊಂಡ್ರು ಅಂತಾರೆ. ನಮ್ಮ ದೊಡ್ಡ ಸೊಸೆ ಹುಳಾನೇ ಬಿಟ್ಕೊಂಡ್ಲು" ಎಂದರು. ಯಾರೂ ನಗಲಿಲ್ಲ. ಅತ್ತೆ ಒಬ್ಬರೇ ನಕ್ಕು, ಒಬ್ಬರೇ ನಿಲ್ಲಿಸಿದರು.

ಸಂಜೆ ಗಂಡ ಬಂದು ಚಪ್ಪಲಿ ಬಿಡುವ ಮೊದಲೇ ಕಾಜಾ ಅಕ್ಕ ಹೇಳಿದಳು, "ಆ ಮನೆ ಬೇಡ ಅಂತ ಹೇಳಿಬಿಡಿ."

"ನಲ್ಲಿ ಚೆನ್ನಾಗಿತ್ತು" ಎಂದನಾದರೂ ಅವನು ಆ ಚಪ್ಪಲಿಯಲ್ಲೇ ಹೇಳಿಬರಲು ಹೊರಟ.

ಊಟವಾದ ಮೇಲೆ ಓರಗಿತ್ತಿ ಅಭ್ಯಾಸದಂತೆ ಪಾತ್ರೆಗಳ ಮುಂದೆ ಕೂರಲು ಹೋದಳು. ಅವಳ ಕೈಗೆ ಮುಲಾಮು ಬಳಿದಿತ್ತು. "ಏಳು ಅಲ್ಲಿಂದ" ಎಂದು ಕಾಜಾ ಅಕ್ಕ ಅವಳನ್ನು ಎಬ್ಬಿಸಿ ತಾನು ಕೂತಳು. ಪಾತ್ರೆ ಉಜ್ಜುವ ಪುಡಿಯ ಡಬ್ಬಿ ತೆಗೆದವಳು, ಕೈ ಹಾಕುವ ಮೊದಲು ತನಗರಿವಿಲ್ಲದೆ ಒಮ್ಮೆ ಮೂಸಿದಳು. ತಲೆ ಎತ್ತಿದರೆ ಓರಗಿತ್ತಿ ನೋಡುತ್ತಿದ್ದಳು. ಕಾಜಾ ಅಕ್ಕ ಹಿಡಿತುಂಬ ಪುಡಿ ತೆಗೆದುಕೊಂಡು, ತಳ ಹತ್ತಿದ ದೊಡ್ಡ ಪಾತ್ರೆಯನ್ನು ಮೊದಲು ಎಳೆದುಕೊಂಡು ಉಜ್ಜತೊಡಗಿದಳು.